ಎಲೆಕೋಸಿನ ಹುಳಕ್ಕೆ ಡೋಸ್ ಡಬಲ್ ಮಾಡುವ ಮುಂಚೆ

ಅಣ್ಣಾ, ಹೊಸಕೋಟೆ ಕಡೆ ಎಲೆಕೋಸಿಗೆ ಕ್ಲೋರಾಂಟ್ರಾನಿಲಿಪ್ರೋಲ್ ಹೊಡೆದರೂ ಹುಳ ಸಾಯುತ್ತಿಲ್ಲ, ಔಷಧಿ ರೂಢಿಯಾಗಿಬಿಟ್ಟಿದೆ, ಡೋಸ್ ಡಬಲ್ ಮಾಡಲಾ ಅಂತ ಕೇಳಿದ್ದೀರಿ. ಬೇಡ.

ಮೊದಲು ಹುಳ ಯಾವುದು ನೋಡಿ. ಬೆರಳು ತಾಗಿದ ಕೂಡಲೇ ವಿಲವಿಲ ಒದ್ದಾಡಿ ಹಿಂದಕ್ಕೆ ಸರಿದು, ನೂಲು ಬಿಟ್ಟು ಎಲೆಯಿಂದ ಕೆಳಗೆ ಜೋತುಬಿದ್ದರೆ ಅದು ಡೈಮಂಡ್ ಬ್ಯಾಕ್ ಅನ್ನೋ ಪತಂಗದ ಮರಿಹುಳ. 1953ರಲ್ಲೇ ಜಾವಾದಲ್ಲಿ ಡಿಡಿಟಿ ಕೀಟನಾಶಕಕ್ಕೆ ಜಗ್ಗದ ಹುಳ ಇದು, ಸಾಮಾನ್ಯದ್ದಲ್ಲ.

ರೂಢಿ ಅನ್ನುತ್ತೀರಲ್ಲ, ಹಾಗಲ್ಲ ಅದು. ಒಂದೇ ಹುಳ ಔಷಧಿ ತಿಂದು ತಿಂದು ಗಟ್ಟಿಯಾಗುವುದಿಲ್ಲ. ಹೊಲದ ಸಾವಿರಾರು ಹುಳದಲ್ಲಿ ಎಲ್ಲೋ ಒಂದೆರಡರ ಜೀನ್‌ನಲ್ಲಿ ಮೊದಲೇ ಸಣ್ಣ ವ್ಯತ್ಯಾಸ ಇರುತ್ತದೆ. ಈ ಔಷಧಿ ಮಾಡುವುದು ಇಷ್ಟೇ: ಹುಳದ ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಬಿಡುವ ಬಾಗಿಲು ಮುಚ್ಚದಂತೆ ಮಾಡುತ್ತದೆ, ಹುಳ ತಿನ್ನುವುದು ನಿಲ್ಲಿಸಿ ಸಾಯುತ್ತದೆ. ಆ ಬಾಗಿಲಿನ ಪ್ರೋಟೀನಿನಲ್ಲಿ 4946ನೇ ಜಾಗದಲ್ಲಿ ಗ್ಲೈಸಿನ್ ಅನ್ನೋ ಅಮೈನೋ ಆಮ್ಲದ ಬದಲು ಗ್ಲುಟಮಿಕ್ ಆಮ್ಲ ಬಂದರೆ ಸಾಕು, ಔಷಧಿ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಫಿಲಿಪ್ಪೀನ್ಸ್, ಥಾಯ್ಲೆಂಡ್ ಹೊಲಗಳ ಹುಳದಲ್ಲಿ ಇದನ್ನು ಕಂಡುಹಿಡಿದಿದ್ದಾರೆ. ಇನ್ನು ಕೆಲವು ಹುಳ ವಿಷ ಒಡೆಯುವ ಪಿ450 ಕಿಣ್ವವನ್ನೇ ಜಾಸ್ತಿ ಮಾಡಿಕೊಳ್ಳುತ್ತವೆ. ನೀವು ಹೊಡೆದಾಗ ಬೇರೆಲ್ಲ ಸಾಯುತ್ತವೆ, ಇವು ಉಳಿದು ತಮ್ಮತಮ್ಮಲ್ಲೇ ಕೂಡುತ್ತವೆ, ನಮ್ಮ ಬಿಸಿಲಿಗೆ ಎರಡು ಮೂರು ವಾರಕ್ಕೊಂದು ತಲೆಮಾರು. ಡಬಲ್ ಮಾಡಿದರೆ ಅರೆಬರೆ ತಡೆಯುವವು ಸತ್ತು ಪಕ್ಕಾ ಗಟ್ಟಿಪಿಂಡಗಳೇ ಉಳಿಯುತ್ತವೆ. ಕೋಸಿನಲ್ಲಿ ಉಳಿಯುವ ವಿಷ ಬೇರೆ.

ಅಂಗಡಿಯಲ್ಲಿ "ಇದು ಬಿಡಿ, ಬೇರೆ ತಗೊಳ್ಳಿ" ಅಂತ ಫ್ಲೂಬೆಂಡಿಯಮೈಡ್ ಕೊಟ್ಟರೆ ಸುಮ್ನೆ ದುಡ್ಡು ದಂಡ. ಔಷಧಿ ಹುಳವನ್ನು ಕೊಲ್ಲುವ ರೀತಿ ನೋಡಿ ಗುಂಪಿನ ನಂಬರ್ ಕೊಟ್ಟಿರುತ್ತಾರೆ; ಇಲ್ಲಿ ಬಾಟಲಿ ಬೇರೆ, ಗುಂಪು ಒಂದೇ, ಎರಡೂ 28. ಸ್ಪಿನೋಸಾಡ್ 5ನೇ ಗುಂಪು, ಎಮಾಮೆಕ್ಟಿನ್ 6, ಇಂಡಾಕ್ಸಾಕಾರ್ಬ್ 22. ಒಂದು ತಲೆಮಾರಿಗೆ ಒಂದು ಗುಂಪು, ಮುಂದಿನ ತಲೆಮಾರಿಗೆ ಇನ್ನೊಂದು. ಸಿಂಪಡಣೆಗೊಂದು ಔಷಧಿ ಅಂತ ಬದಲಿಸುತ್ತಾ ಹೋದರೆ ಒಂದೇ ತಲೆಮಾರು ಎಲ್ಲದರ ರುಚಿ ನೋಡುತ್ತದೆ, ಅದು ಇನ್ನೂ ಕಷ್ಟ.

ನನ್ನ ಪ್ರಕಾರ ಔಷಧಿಗಿಂತ ಸಾಸಿವೆ ಮೇಲು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಪದ್ಧತಿ: 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ, ಒಂದು ಸಾಲು ಕೋಸು ನೆಡುವ 15 ದಿನ ಮುಂಚೆ, ಇನ್ನೊಂದು ನೆಟ್ಟ 25 ದಿನಕ್ಕೆ. ಪತಂಗ ಕೋಸು ಬಿಟ್ಟು ಸಾಸಿವೆ ಮೇಲೆ ಮೊಟ್ಟೆ ಇಡುತ್ತದೆ. ನಡುವೆ ಶೇ. 4ರ ಬೇವಿನ ಬೀಜದ ಕಷಾಯ ಹೊಡೆಯಿರಿ, ಸಂಜೆ ಹೊತ್ತು, ಎಲೆಯ ಅಡಿಭಾಗ ನೆನೆಯುವ ಹಾಗೆ.

ಕಟಾವಾದ ಮೇಲೆ ಬುಡ, ಹಳೇ ಎಲೆ ಹಾಗೇ ಬಿಡಬೇಡಿ, ಅದೇ ವಾರ ಉತ್ತುಬಿಡಿ. ಈಗ ಗಡ್ಡೆ ಕಟ್ಟಿದೆಯಾ, ಇನ್ನೂ ಇಲ್ವಾ? ಎಲೆಯ ಅಡಿಭಾಗದ ಫೋಟೋ ಹಾಕಿ.