ಸುಮ್ಮನಿರಲು ಬಿಟ್ಟವರು ಯಾರು, ಮೇಷ್ಟ್ರೇ?

ಪತ್ರ: ಧಾರ್ಮಿಕ ಸ್ವಾತಂತ್ರ್ಯದಲ್ಲಿ ನಂಬದಿರುವ ಹಕ್ಕೂ ಸೇರಿದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನಗೆ ಒಪ್ಪಿಗೆಯಾಗಲಿಲ್ಲ. ಧರ್ಮ ಇದ್ದವರಿಗೆ ತಾನೇ ಧಾರ್ಮಿಕ ಸ್ವಾತಂತ್ರ್ಯ? ಇಲ್ಲದ ವಸ್ತುವಿಗೆ ಬೀಗ ಯಾಕೆ? ನಂಬದವರು ತಮ್ಮ ಪಾಡಿಗೆ ಸುಮ್ಮನಿದ್ದರೆ ಯಾರು ಏನು ಮಾಡುತ್ತಾರೆ? ಅದೆಲ್ಲ ಇರಲಿ, ನೀವು ನಂಬುವವರೋ ಅಲ್ಲವೋ, ಮೊದಲು ಅದನ್ನು ಹೇಳಿ.
– ನಿವೃತ್ತ ಇತಿಹಾಸ ಶಿಕ್ಷಕರೊಬ್ಬರು

ಉತ್ತರ: ಮೇಷ್ಟ್ರೇ, ನಮಸ್ಕಾರ. ನಿಮ್ಮ ಕೈಬರಹ ನೋಡಿಯೇ ಖುಷಿಯಾಯಿತು. ಒಂದೇ ಪುಟ, ಎಲ್ಲೂ ಚಿತ್ತಿಲ್ಲ. ಬೀಗದ ಮಾತು ಎರಡು ದಿನ ತಲೆಯಲ್ಲೇ ಇತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಸಾಲು. ‘ಸುಮ್ಮನಿದ್ದರೆ ಯಾರು ಏನು ಮಾಡುತ್ತಾರೆ’ ಅಂದಿರಲ್ಲ, ಅದು. ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟ ಕೈ ಆ ಸಾಲು ಬರೆಯಬಾರದಿತ್ತು.

ನಂಬದವರನ್ನು ಅವರ ಪಾಡಿಗೆ ಬಿಟ್ಟಿದ್ದರೆ ಈ ಹಕ್ಕಿನ ಮಾತೇ ಹುಟ್ಟುತ್ತಿರಲಿಲ್ಲ. ಬಿಡಲಿಲ್ಲ. ಪ್ರತಿ ಸಲವೂ ಯಾರಾದರೊಬ್ಬರು ಬಂದು ಬಾಯಿ ಬಿಡಿಸಿದ್ದಾರೆ.

ಚಾರ್ಲ್ಸ್ ಬ್ರಾಡ್ಲಾ ಅವರ ಕಥೆ ನಿಮಗೆ ಗೊತ್ತಿರಬಹುದು. ಆದರೂ ಹೇಳುತ್ತೇನೆ, ಯಾಕೆಂದರೆ ಇದು ನನಗೆ ತುಂಬಾ ಹತ್ತಿರದ ಕಥೆ. 1880ರಲ್ಲಿ ನಾರ್ಥಾಂಪ್ಟನ್ ಜನ ಅವರನ್ನು ಬ್ರಿಟಿಷ್ ಪಾರ್ಲಿಮೆಂಟಿಗೆ ಆರಿಸಿ ಕಳಿಸಿದರು. ದೇವರ ಹೆಸರಿನಲ್ಲಿ ಪ್ರಮಾಣ ಮಾಡುವುದು ನನಗೆ ಸುಳ್ಳಾಗುತ್ತದೆ, ಬರೀ ಮಾತು ಕೊಡುತ್ತೇನೆ ಅಂದರು. ಸದನದವರು ಆಗಲ್ಲ ಎಂದರು. ಸರಿ, ನಿಮ್ಮ ಪ್ರಮಾಣವನ್ನೇ ಮಾಡುತ್ತೇನೆ ಅಂದರು. ನೀವು ನಂಬದವರು, ನಿಮ್ಮ ಪ್ರಮಾಣಕ್ಕೆ ಬೆಲೆಯಿಲ್ಲ ಎಂದು ಅದಕ್ಕೂ ಅಡ್ಡಬಂದರು. ಅತ್ತ ದರಿ, ಇತ್ತ ಪುಲಿ. ಸದನ ಬಿಟ್ಟು ಹೋಗಲ್ಲ ಎಂದು ನಿಂತಾಗ ಗಡಿಯಾರದ ಗೋಪುರದಲ್ಲಿ ಒಂದು ರಾತ್ರಿ ಕೂಡಿಹಾಕಿದರು. ಮರುವರ್ಷ ಹಿಡಿದು ಎಳೆದು ಹೊರಗೆ ತಳ್ಳಿದರು. ಜನ ಮತ್ತೆ ಮತ್ತೆ ಅವರನ್ನೇ ಗೆಲ್ಲಿಸಿದರು. ಯಾರ ಅಡ್ಡಿಯೂ ಇಲ್ಲದೆ ಅವರು ಕುರ್ಚಿಯಲ್ಲಿ ಕೂತದ್ದು 1886ರಲ್ಲಿ. ಎರಡು ವರ್ಷದ ನಂತರ, ಯಾರು ಬೇಕಾದರೂ ಪ್ರಮಾಣದ ಬದಲು ದೃಢವಚನ ಹೇಳಬಹುದು ಎಂಬ ಕಾನೂನು ಬಂತು. ಅದನ್ನು ತಂದವರೂ ಅವರೇ.

ಇದರ ಬೇರು ಇನ್ನೂ ಹಿಂದಿದೆ. ಪರಧರ್ಮ ಸಹನೆಯ ಬಗ್ಗೆ 1689ರಲ್ಲೇ ಅಷ್ಟು ಚೆನ್ನಾಗಿ ಬರೆದ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ಕೂಡ ದೇವರಿಲ್ಲ ಎನ್ನುವವರನ್ನು ಹೊರಗಿಟ್ಟರು. ದೇವರ ಭಯ ಇಲ್ಲದವರನ್ನು ಯಾವ ಆಣೆಯೂ ಕಟ್ಟಿಹಾಕದು ಎಂಬುದು ಅವರ ಕಾರಣ. ಎಂಥ ದೊಡ್ಡ ಮನಸ್ಸು, ಅಲ್ಲಿಗೆ ಬಂದು ನಿಂತುಬಿಟ್ಟಿತು! ಸುಳ್ಳು ಹೇಳಲಾರೆ ಎನ್ನುವವನನ್ನು ನಂಬಬಾರದು, ಒಳಗೆ ಏನೂ ಇಲ್ಲದೆ ಆಣೆ ಇಡುವವನನ್ನು ನಂಬಬಹುದು. ಇನ್ನೂರು ವರ್ಷ ಈ ಲೆಕ್ಕ ನಡೆಯಿತು.

ಹಳೇ ಕಥೆ ಅನ್ನಬೇಡಿ. ಅಮೆರಿಕದ ಮೇರಿಲ್ಯಾಂಡಿನಲ್ಲಿ ನೋಟರಿ ಕೆಲಸಕ್ಕೆ ನೇಮಕವಾದ ರಾಯ್ ಟೊರ್ಕಾಸೊಗೆ, ದೇವರಿದ್ದಾನೆ ಎಂದು ಘೋಷಿಸಿದರೆ ಮಾತ್ರ ಕೆಲಸ ಅಂದರು. ಕಾಗದ ಪತ್ರಕ್ಕೆ ಮುದ್ರೆ ಒತ್ತುವ ಕೆಲಸ ಅದು! 1961ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ಪರ ತೀರ್ಪು ಕೊಟ್ಟಿತು. ಪುಟ್ಟ ದೇಶ ಸ್ಯಾನ್ ಮರಿನೊದಲ್ಲಿ ಪಾರ್ಲಿಮೆಂಟಿಗೆ ಗೆದ್ದುಬಂದ ಸದಸ್ಯರಿಗೆ ಬೈಬಲಿನ ಸುವಾರ್ತೆಯ ಮೇಲೆ ಪ್ರಮಾಣ ಮಾಡಿ, ಇಲ್ಲವೇ ಸ್ಥಾನ ಬಿಡಿ ಎಂದರು. ಅದು ತಪ್ಪು ಎಂದು ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಹೇಳಿದ್ದು 1999ರಲ್ಲಿ, ಮೊನ್ನೆ ಮೊನ್ನೆ.

ಈಗ ನಾನೇ ಕಣ್ಣಾರೆ ಕಂಡದ್ದು. ನಮ್ಮ ಪತ್ರಿಕೆಯ ಪ್ರೂಫ್ ನೋಡುತ್ತಿದ್ದ ಹಿರಿಯರೊಬ್ಬರಿಗೆ ಜ್ವರ ಏರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಜೊತೆಗೆ ನಾನಿದ್ದೆ. ಫಾರಂ ಕೊಟ್ಟರು. ‘ಧರ್ಮ’ ಎಂಬಲ್ಲಿ ಅವರು ಒಂದು ಚಿಕ್ಕ ಗೆರೆ ಎಳೆದರು. ‘ಖಾಲಿ ಬಿಡೋ ಹಾಗಿಲ್ಲ’ ಅಂದರು ಕೌಂಟರಿನವರು. ‘ಖಾಲಿ ಬಿಟ್ಟಿಲ್ಲ, ಗೆರೆ ಎಳೆದಿದ್ದೇನೆ’ ಅಂದರು ಇವರು. ಕೌಂಟರಿನವರು ಹೆಸರು ನೋಡಿದರು, ಗೆರೆಯ ಮೇಲೆ ಒಂದು ಪದ ಬರೆದೇಬಿಟ್ಟರು. ನಮ್ಮ ಹಿರಿಯರ ಕೈ ನಡುಗುತ್ತಿತ್ತು. ಜೇಬಿನಿಂದ ಕೆಂಪು ಪೆನ್ನು ತೆಗೆದು ಆ ಪದದ ಮೇಲೆ ಗೆರೆ ಹೊಡೆದರು. ಪಕ್ಕದಲ್ಲಿ, ಪ್ರೂಫಿನಲ್ಲಿ ‘ತೆಗೆಯಿರಿ’ ಎನ್ನಲು ಹಾಕುವ ಸುಳಿಯ ಗುರುತು ಹಾಕಿದರು. ಅದು ಯಾರಿಗೆ ಅರ್ಥವಾಗಬೇಕು? ಗುಣವಾಗಿ ಹೊರಟ ದಿನ ಕೈಗೆ ಬಂದ ಹಾಳೆಯನ್ನು ಕನ್ನಡಕ ಏರಿಸಿ ಮೇಲಿನಿಂದ ಕೆಳಗೆ ಓದಿದರು. ಬೆರಳಿಟ್ಟು ನನಗೆ ತೋರಿಸಿದರು. ‘ಇಲ್ಲೊಂದು ತಪ್ಪು ಉಳಿದುಬಿಟ್ಟಿದೆ ನೋಡಿ.’

ಅವರು ಯಾರೊಂದಿಗೂ ವಾದ ಮಾಡಿದವರಲ್ಲ. ನೀವು ಹೇಳಿದ ಹಾಗೆ ಸುಮ್ಮನೇ ಇದ್ದವರು.

ನಿಮ್ಮ ಕಡೆಗೂ ನ್ಯಾಯವಿದೆ, ಒಪ್ಪುತ್ತೇನೆ. ನಂಬದವರಲ್ಲೂ ಬಾಯಿ ಬಿಡಿಸುವವರಿದ್ದಾರೆ. 1891ರಲ್ಲಿ ಇದೇ ಬ್ರಾಡ್ಲಾ ಅವರ ಅಂತ್ಯಕ್ರಿಯೆಗೆ ಗಾಂಧೀಜಿ ಹೋಗಿದ್ದರು, ಆಗ ಅವರು ಲಂಡನ್ನಿನಲ್ಲಿ ಓದುತ್ತಿದ್ದ ಹುಡುಗ. ವಾಪಸ್ ಬರುವಾಗ ರೈಲು ನಿಲ್ದಾಣದಲ್ಲಿ ಒಬ್ಬ ನಾಸ್ತಿಕ ಒಬ್ಬ ಪಾದ್ರಿಯನ್ನು ಹಿಡಿದುಕೊಂಡ ಪ್ರಸಂಗವನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ದೇವರನ್ನು ನಂಬುತ್ತೀರಾ, ಹಾಗಾದರೆ ನಿಮ್ಮ ದೇವರ ಅಳತೆ ಎಷ್ಟು, ಇರುವುದೆಲ್ಲಿ ಎಂದು ಅವನು ಎಲ್ಲರೆದುರು ಜಾಡಿಸಿದ. ತಿಳಿಯಬಲ್ಲೆವಾದರೆ ನಮ್ಮಿಬ್ಬರ ಹೃದಯದಲ್ಲೇ ಇದ್ದಾನೆ ಎಂದರು ಆ ಪಾದ್ರಿ, ಮೆಲ್ಲಗೆ. ನಾಸ್ತಿಕತೆಯ ಮೇಲಿನ ಗಾಂಧೀಜಿಯವರ ಬೇಸರ ಅಂದು ಇನ್ನಷ್ಟು ಹೆಚ್ಚಿತಂತೆ. ಸಹಜ. ಅಲ್ಬೇನಿಯಾ ಇನ್ನೂ ಮುಂದೆ ಹೋಯಿತು. 1967ರಲ್ಲಿ ಅಲ್ಲಿನ ಸರ್ಕಾರ ಎಲ್ಲ ಪ್ರಾರ್ಥನಾ ಮಂದಿರಗಳನ್ನೂ ಮುಚ್ಚಿಸಿತು, ದೇಶವೇ ನಾಸ್ತಿಕ ಎಂದು ಸಾರಿತು. ಅದೂ ಅನ್ಯಾಯವೇ. ನಿಲ್ದಾಣದ ಆ ಪಾದ್ರಿಗೆ ಬೇಕಾಗಿದ್ದದ್ದು, ನಮ್ಮ ಪ್ರೂಫ್ ನೋಡುವವರಿಗೆ ಬೇಕಾಗಿದ್ದದ್ದು ಬೇರೆ ಬೇರೆ ಹಕ್ಕಲ್ಲ.

ಕಾನೂನಿನ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿ ತೆಗೆದು ನೋಡಿ. ಮೊದಲು ಆಲೋಚನೆ, ಆಮೇಲೆ ಆತ್ಮಸಾಕ್ಷಿ, ಮೂರನೆಯದಾಗಿ ಧರ್ಮ. ನಮ್ಮ ಸಂವಿಧಾನದ 25ನೇ ವಿಧಿಯಲ್ಲೂ ಆತ್ಮಸಾಕ್ಷಿಯೇ ಮೊದಲು. 1993ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಈ ಸ್ವಾತಂತ್ರ್ಯವನ್ನು ಬಿಡಿಸಿ ಹೇಳಿತು. ಆಸ್ತಿಕರ ನಂಬಿಕೆಗೂ ನಾಸ್ತಿಕರ ನಿಲುವಿಗೂ ಇಲ್ಲಿ ರಕ್ಷಣೆ ಇದೆ, ಯಾವ ಧರ್ಮವನ್ನೂ ಅನುಸರಿಸದಿರುವ ಹಕ್ಕಿಗೂ ಇದೆ. ಇಷ್ಟೇ ಅಲ್ಲ, ನಿನ್ನ ಧರ್ಮ ಯಾವುದು, ನಂಬಿಕೆ ಯಾವುದು ಹೇಳು ಎಂದು ಯಾರನ್ನೂ ಬಲವಂತ ಮಾಡುವಂತಿಲ್ಲ. ನನ್ನ ಮಟ್ಟಿಗೆ ಈ ಕೊನೆಯ ಮಾತೇ ಎಲ್ಲಕ್ಕಿಂತ ದೊಡ್ಡದು. ಬೀಗ ಹಾಕುವುದು ಬಾಗಿಲಿಗೆ, ಮೇಷ್ಟ್ರೇ. ಒಳಗೆ ಏನಿದೆ, ಏನಿಲ್ಲ ಎಂದು ಹೊರಗಿನವರು ಇಣುಕಿ ನೋಡಬಾರದು ಅಂತಲೇ ಬೀಗ.

ಇದರಿಂದ ಲಾಭ ನಂಬದವರಿಗೆ ಮಾತ್ರ ಅಂದುಕೊಳ್ಳಬೇಡಿ. 1985ರಲ್ಲಿ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದರು. ಯೆಹೋವನ ಸಾಕ್ಷಿಗಳ ಪಂಥದ ಮನೆಯ ಮಕ್ಕಳು. ರಾಷ್ಟ್ರಗೀತೆಗೆ ಎಲ್ಲರ ಜೊತೆ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಅವರ ನಂಬಿಕೆ ಹಾಗಿತ್ತು. ಮರುವರ್ಷ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಶಾಲೆಗೆ ಸೇರಿಸಿತು. ಗಾಢವಾಗಿ ನಂಬಿದ ಮಕ್ಕಳನ್ನು ಕಾಪಾಡಿದ್ದು ಯಾವುದು? ಬಾಯಿ ತೆರೆಯದಿರುವ ಹಕ್ಕೇ ತಾನೇ?

ಮೌನಕ್ಕೆ ಒಂದು ಕಾಲದಲ್ಲಿ ಎಷ್ಟು ಮರ್ಯಾದೆ ಇತ್ತು! ವಚ್ಛಗೋತ್ತ ಎಂಬ ಪರಿವ್ರಾಜಕ ಬುದ್ಧನ ಬಳಿ ಬಂದು ಆತ್ಮ ಇದೆಯೇ ಎಂದು ಕೇಳಿದ. ಬುದ್ಧ ಮಾತಾಡಲಿಲ್ಲ. ಹಾಗಾದರೆ ಇಲ್ಲವೇ ಎಂದ. ಆಗಲೂ ಮಾತಾಡಲಿಲ್ಲ. ವಚ್ಛಗೋತ್ತ ಎದ್ದು ಹೋದ, ಅಷ್ಟೇ. ಋಗ್ವೇದದ ನಾಸದೀಯ ಸೂಕ್ತ ಈ ಸೃಷ್ಟಿ ಎಲ್ಲಿಂದ ಬಂತು ಎಂದು ಕೇಳುತ್ತಾ ಹೋಗಿ, ಮೇಲಿರುವವನಿಗೆ ಗೊತ್ತಿರಬಹುದು, ಅವನಿಗೂ ಗೊತ್ತಿಲ್ಲದಿರಬಹುದು ಎನ್ನುತ್ತದೆ. ಸೂಕ್ತ ಮುಗಿಯುವುದೇ ಅಲ್ಲಿ. ಅದನ್ನು ಹೇಳಿದ ಋಷಿಯನ್ನು ಯಾರೂ ವೇದದಿಂದ ಹೊರಗೆ ಹಾಕಲಿಲ್ಲ.

ಈಗ ನೋಡಿ. ‘ಗೊತ್ತಿಲ್ಲ’ ಅನ್ನುವವರಿಗೆ ಎಲ್ಲೂ ಜಾಗ ಇಲ್ಲ. ಯಾವ ಅರ್ಜಿ ತೆಗೆದರೂ ಹೆಸರಿನ ಪಕ್ಕದಲ್ಲೇ ಧರ್ಮದ ಪ್ರಶ್ನೆ, ಪಕ್ಕದಲ್ಲೊಂದು ನಕ್ಷತ್ರ, ತುಂಬದಿದ್ದರೆ ಮುಂದಿನ ಪುಟ ತೆರೆಯುವುದೇ ಇಲ್ಲ. ಹೊಸಬರು ಪರಿಚಯವಾದರೆ ಪೂರ್ತಿ ಹೆಸರು ಕೇಳುತ್ತಾರೆ. ಯಾಕೆ ಕೇಳುತ್ತಿದ್ದಾರೆ ಎಂದು ಇಬ್ಬರಿಗೂ ಗೊತ್ತಿರುತ್ತದೆ. ನಮ್ಮ ಕಚೇರಿಗೆ ಬರುವ ಪತ್ರಗಳಲ್ಲೂ ಲೇಖನ ಹೇಗಿದೆ ಎಂಬ ಮಾತು ಕಡಿಮೆ, ಬರೆದವರು ಯಾವ ಕಡೆಯವರು ಎಂಬ ಮಾತೇ ಜಾಸ್ತಿ. ಇಪ್ಪತ್ತರ ಹುಡುಗ ಹುಡುಗಿಯರು ಕೂಡ ಎಲ್ಲದಕ್ಕೂ ನಿಲುವು ಸಿದ್ಧ ಇಟ್ಟುಕೊಂಡೇ ಮನೆಯಿಂದ ಹೊರಡುತ್ತಾರೆ. ಒಂದು ಪ್ರಶ್ನೆಯನ್ನು ಹತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡು ತಿರುವಿ ನೋಡಲು ಯಾರೂ ಅವರಿಗೆ ಸಮಯ ಕೊಡುತ್ತಿಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ನಾನು ನಂಬುವವನೋ ಅಲ್ಲವೋ ಎಂಬುದು. ಉಳಿದದ್ದಕ್ಕೆಲ್ಲ ಇಷ್ಟುದ್ದ ಬರೆದೆ. ಅದಕ್ಕೆ ಮಾತ್ರ ಉತ್ತರ ಕೊಡುವುದಿಲ್ಲ, ಮೇಷ್ಟ್ರೇ. ಅಲ್ಲಿ ಒಂದು ಚಿಕ್ಕ ಗೆರೆ ಎಳೆದಿದ್ದೇನೆ ಅಂದುಕೊಳ್ಳಿ.