ರಾಜೀನಾಮೆ ನೀವಾಗಿ ಬರೆದುಕೊಡಬೇಡಿ

ಪ್ರಶ್ನೆ: ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಡಿಪ್ರೆಶನ್ ಜಾಸ್ತಿಯಾಗಿ, ಡಾಕ್ಟರ ಸರ್ಟಿಫಿಕೇಟ್ ಕೊಟ್ಟು ಎರಡು ತಿಂಗಳು ರಜೆ ಪಡೆದೆ. ರಜೆ ಮುಗಿಯುವ ಮೊದಲೇ ಎಚ್‌ಆರ್‌ನಿಂದ ಫೋನ್ ಬಂತು. ‘ನಿಮ್ಮ ಹುದ್ದೆಯನ್ನೇ ತೆಗೆಯುತ್ತಿದ್ದೇವೆ. ನೀವೇ ರಾಜೀನಾಮೆ ಕಳಿಸಿದರೆ ರಿಲೀವಿಂಗ್ ಲೆಟರ್ ಚೆನ್ನಾಗಿ ಕೊಡುತ್ತೇವೆ’ ಎಂದರು. ನಾಡಿದ್ದರೊಳಗೆ ಬೇಕಂತೆ. ರಜೆಯನ್ನೇ ಹಾಕಬಾರದಿತ್ತು ಅನ್ನಿಸುತ್ತಿದೆ. ಏನು ಮಾಡಲಿ ಮೇಡಂ?
– ಹೆಸರು ಬೇಡ

ಉತ್ತರ: ನಾಡಿದ್ದು ಏನನ್ನೂ ಕೊಡಬೇಡಿ. ನಿವೃತ್ತಿಯಾಗುವವರೆಗೂ ನಾನು ಎಚ್‌ಆರ್‌ನಲ್ಲೇ ಇದ್ದವಳು. ಈ ‘ಚೆನ್ನಾಗಿರುವ ರಿಲೀವಿಂಗ್ ಲೆಟರ್’ ಮಾತನ್ನು ಬೇಕಾದಷ್ಟು ಸಲ ಕೇಳಿದ್ದೇನೆ. ರಾಜೀನಾಮೆ ಕೊಟ್ಟರೆ ಕಾಗದದ ಮೇಲೆ ನೀವೇ ಕೆಲಸ ಬಿಟ್ಟ ಹಾಗೆ. ‘ಅವರೇ ತೆಗೆದರು’ ಅಂತ ಆಮೇಲೆ ಎಲ್ಲಿ ಹೋಗಿ ಹೇಳಿದರೂ ಕಂಪನಿ ಮೊದಲು ಆ ಪತ್ರವನ್ನೇ ಮುಂದಿಡುತ್ತದೆ. ಅವಸರ ಅವರಿಗಿದೆ, ನಿಮಗಿಲ್ಲ.

ಇವತ್ತೇ ಒಂದು ಇಮೇಲ್ ಹಾಕಿ. ‘ನಾನು ವೈದ್ಯಕೀಯ ರಜೆಯಲ್ಲಿದ್ದೇನೆ. ಫೋನಿನಲ್ಲಿ ಹೀಗೆ ಹೇಳಿದಿರಿ. ನಿರ್ಧಾರವನ್ನೂ ಕಾರಣವನ್ನೂ ಬರವಣಿಗೆಯಲ್ಲಿ ತಿಳಿಸಿ.’ ಇಷ್ಟು ಸಾಕು. ಕಾಯಿಲೆಯ ವಿವರ ಬರೆಯಬೇಡಿ, ಕೋಪವನ್ನೂ ಬರೆಯಬೇಡಿ. ಆಫೀಸಿನ ಲಾಗಿನ್ ಯಾವಾಗ ಬೇಕಾದರೂ ಮುಚ್ಚಬಹುದು. ನೇಮಕಾತಿ ಪತ್ರ, ರಜೆ ಮಂಜೂರಾದ ಮೇಲ್, ಕಳೆದ ಅಪ್ರೈಸಲ್, ಪೇ ಸ್ಲಿಪ್‌ಗಳ ಪ್ರತಿ ತೆಗೆದಿಟ್ಟುಕೊಳ್ಳಿ. ನಿಮ್ಮವು ಮಾತ್ರ. ಕಂಪನಿಯ ಫೈಲುಗಳನ್ನು ಮುಟ್ಟಿದರೆ ಅವರಿಗೊಂದು ನೆಪ ಸಿಗುತ್ತದೆ.

ಕಾನೂನಿನ ವಿಷಯದಲ್ಲಿ ಸುಮ್ನೆ ಭರವಸೆ ಕೊಡಲಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂತೆಂದು ನೌಕರನನ್ನು ತೆಗೆಯುವಂತಿಲ್ಲ ಎಂದು ಅದರ 20ನೇ ಸೆಕ್ಷನ್ ಹೇಳುತ್ತದೆ. ಆದರೆ ಆ ಮಾತು ಸರ್ಕಾರಿ ಸಂಸ್ಥೆಗಳಿಗೆ. ಮಾನಸಿಕ ಕಾಯಿಲೆಯಿದ್ದ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಮೇಲಿನ ಶಿಸ್ತುಕ್ರಮ ತಾರತಮ್ಯವೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದ್ದೂ ಇದೇ ಕಾಯ್ದೆಯಡಿ. ಖಾಸಗಿಯವರಿಗೆ ಅಷ್ಟು ಗಟ್ಟಿ ರಕ್ಷಣೆ ಇಲ್ಲ. ಅದೂ ಅಲ್ಲದೆ ಕಾಯಿಲೆ ದೀರ್ಘಕಾಲದ್ದಾಗಿರಬೇಕು. ಹಾಗಿದ್ದರೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡುವ ದಾರಿ ಇದೆ.

ರಜೆಯಲ್ಲಿರುವವರ ಹುದ್ದೆ ನಿಜವಾಗಿಯೂ ರದ್ದಾಗಬಹುದು. ಹಾಗಾಗಿ ನೋಡಬೇಕಾದ್ದು ಬೇರೆ. ಇನ್ನೂ ಯಾರನ್ನಾದರೂ ತೆಗೆದರೇ, ನಿಮ್ಮೊಬ್ಬರನ್ನೇಯೇ? ಅದೇ ಕೆಲಸಕ್ಕೆ ಬೇರೆ ಹೆಸರಿನಲ್ಲಿ ಜಾಹೀರಾತು ಬಂದಿದೆಯೇ? ರಜೆಗೆ ಮೊದಲು ಹುದ್ದೆ ರದ್ದಿನ ಸುದ್ದಿ ಇತ್ತೇ? ಇವನ್ನೆಲ್ಲ ತಾರೀಖಿನ ಸಮೇತ ಒಂದು ಹಾಳೆಯಲ್ಲಿ ಬರೆದು ಕಾರ್ಮಿಕ ವಿಷಯ ನೋಡುವ ವಕೀಲರಿಗೆ ತೋರಿಸಿ.

ಕೊನೆಗೂ ತೆಗೆದರೆ ನೋಟಿಸ್ ಅವಧಿಯ ಹಣ, ಉಳಿದ ರಜೆಯ ಹಣ ಕೇಳಿ. ಗ್ರೂಪ್ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ, ಇದನ್ನು ಜನ ಮರೆಯುತ್ತಾರೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಆಗುತ್ತದೆಯೇ ಎಂದು ಕೊನೆಯ ದಿನಕ್ಕೆ ಸಾಕಷ್ಟು ಮೊದಲೇ ವಿಚಾರಿಸಿ. ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ.

ಮುಂದಿನ ಇಂಟರ್‌ವ್ಯೂನಲ್ಲಿ ‘ಆರೋಗ್ಯದ ಕಾರಣಕ್ಕೆ ರಜೆಯಲ್ಲಿದ್ದೆ, ಈಗ ಕೆಲಸಕ್ಕೆ ಸಿದ್ಧ’ ಎಂದರೆ ಸಾಕು. ಯಾವ ಕಾಯಿಲೆ ಎಂದು ಬಿಡಿಸಿ ಹೇಳಬೇಕಿಲ್ಲ.

ರಜೆ ಹಾಕಿದ್ದು ತಪ್ಪು ಅಂತೀರಲ್ಲ, ಆ ಸ್ಥಿತಿಯಲ್ಲಿ ಲೆಕ್ಕ ಬರೆಯುತ್ತಾ ಕೂತಿದ್ದರೆ ತಪ್ಪುಗಳಾಗಿ, ಅದನ್ನೇ ಕಾರಣ ಮಾಡಿ ತೆಗೆಯುತ್ತಿದ್ದರು, ಅಲ್ವಾ? ಈ ಗಡಿಬಿಡಿಯಲ್ಲಿ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಡಾಕ್ಟರ ಬಳಿ ಹೋಗುವುದನ್ನು ಮುಂದೂಡಬೇಡಿ, ಕೆಲಸದ ಸುದ್ದಿಯನ್ನು ಅವರಿಗೂ ಹೇಳಿ. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಎಚ್‌ಆರ್‌ನವರು ಮತ್ತೆ ಫೋನ್ ಮಾಡಿದರೆ ‘ಇಮೇಲ್ ಮಾಡಿ’ ಎಂದಷ್ಟೇ ಹೇಳಿ ಇಟ್ಟುಬಿಡಿ.