ಟೊಯೋಟಾ ಸಿಟಿಗೆ ಹೊರಟಿರುವ ತಮ್ಮನಿಗೆ

ತಮ್ಮಾ, ಬಿಡದಿಯ ಟೊಯೋಟಾ ಕಾರು ಕಾರ್ಖಾನೆಯಿಂದ ನಿನ್ನನ್ನ ಎರಡು ವರ್ಷಕ್ಕೆ ಜಪಾನಿನ ಟೊಯೋಟಾ ಸಿಟಿಗೆ ಕಳಿಸ್ತಿದ್ದಾರೆ ಅಂತ ನೀನು ಬರೆದದ್ದು ಓದಿ ಖುಷಿಯಾಯಿತು. ಚಳಿ ಹೇಗೆ, ಊಟ ಹೇಗೆ, ಕೆಲಸ ಕಷ್ಟವಾ ಅಂತ ಕೇಳಿದ್ದೀಯ. ಚಳಿ ತಡೆಯಬಹುದು, ಜಾಕೆಟ್ ಇಲ್ಲೇ ತಗೋ. ಸಸ್ಯಾಹಾರಿಯಾದರೆ ಹುಷಾರು, ತರಕಾರಿ ಸೂಪಿಗೂ ಮೀನು ಕುದಿಸಿದ ನೀರು ಹಾಕ್ತಾರೆ. ಸಾರಿನ ಪುಡಿ ಧಾರಾಳವಾಗಿ ತಾ. ನಮ್ಮ ಡ್ರೈವಿಂಗ್ ಲೈಸೆನ್ಸ್ ಇಲ್ಲಿಗೆ ಬದಲಾಯಿಸೋಕೆ ಪರೀಕ್ಷೆ ಕೊಡಬೇಕು. ಉಳಿದಿದ್ದೆಲ್ಲ ತಾನಾಗಿ ರೂಢಿಯಾಗುತ್ತೆ.

ಕೆಲಸದ ವಿಷಯ ಮಾತ್ರ ಬಿಡಿಸಿ ಹೇಳಬೇಕು. ನಾನು ಬಂದ ಹೊಸದರಲ್ಲಿ ಇಲ್ಲೊಂದು ಬಿಡಿಭಾಗದ ಕಾರ್ಖಾನೆ ಸೇರಿದೆ. ಪಕ್ಕದ ಹುಡುಗ ಒಂದು ಕ್ಲಿಪ್ ಸರಿಯಾಗಿ ಕೂರಲಿಲ್ಲ ಅಂತ ತಲೆ ಮೇಲಿನ ಹಗ್ಗ ಎಳೆದ. ತೊಂದರೆ ಕಂಡರೆ ಎಳೆಯೋಕೆ ಅಂತಲೇ ಕಟ್ಟಿರೋ ಹಗ್ಗ ಅದು. ಹಳದಿ ದೀಪ ಹತ್ತಿತು, ಲೀಡರ್ ಓಡಿ ಬಂದ. ಆ ಭಾಗ ನೆಲದ ಮೇಲಿನ ಗೆರೆ ದಾಟೋದರೊಳಗೆ ಸರಿಹೋಗಲಿಲ್ಲ, ಜೋಡಣೆಯ ಲೈನೇ ನಿಂತುಹೋಯಿತು. ಬೈಗುಳ ಶುರುವಾಯಿತು ಅಂದುಕೊಂಡೆ. ಲೀಡರ್ ಅವನಿಗೆ ಥ್ಯಾಂಕ್ಸ್ ಹೇಳಿ, ಕ್ಲಿಪ್ಪನ್ನ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

ಬಿಡದಿಯಲ್ಲೂ ನೀನು ಹಗ್ಗ ಎಳೆದಿರ್ತೀಯ. ಆದರೆ ಅಲ್ಲಿ ಸುತ್ತ ನಮ್ಮವರು. ಇಲ್ಲಿ ಹೊಸಬ, ಭಾಷೆ ಬಾರದು, ಎಲ್ಲರೂ ನಿನ್ನ ಕಡೆಗೇ ತಿರುಗ್ತಾರೆ. ದೊಡ್ಡವರಿಗೆ ತೊಂದರೆ ಕೊಡಬೇಡ, ಹೇಗೋ ಸುಧಾರಿಸು ಅಂತ ಬೆಳೆಸಿದ ಮನೆಯಿಂದ ಬಂದ ಕೈ ಸುಲಭಕ್ಕೆ ಮೇಲೇಳೋದಿಲ್ಲ. ನನಗೆ ಜಪಾನೀಸ್ ಕಲಿಯೋದಕ್ಕಿಂತ ಅದೇ ಕಷ್ಟವಾಯಿತು.

ತಪ್ಪು ಕಂಡಲ್ಲೇ ಕೆಲಸ ನಿಲ್ಲಿಸೋ ಈ ಪದ್ಧತಿ ಹುಟ್ಟಿದ್ದು ಕಾರಿನಲ್ಲಲ್ಲ, ಮಗ್ಗದಲ್ಲಿ. ಸಾಕಿಚಿ ಟೊಯೋಡಾ ಬಡಗಿಯ ಮಗ, 1867ರಲ್ಲಿ ಹುಟ್ಟಿದವನು. 1924ರ ಹೊತ್ತಿಗೆ ಅವನು ಮಾಡಿದ ಸ್ವಯಂಚಾಲಿತ ಮಗ್ಗ, ಹಾಸಿನ, ಅಂದರೆ ಉದ್ದ ನೂಲಿನ, ಒಂದೆಳೆ ಕಡಿದರೂ ತಾನೇ ನಿಲ್ಲುತ್ತಿತ್ತು. ಓಡ್ತಿರುವಾಗಲೇ ಲಾಳಿ ಬದಲಾಯಿಸಿಕೊಳ್ತಿತ್ತು. 1929ರಲ್ಲಿ ಅದರ ಪೇಟೆಂಟ್ ಹಕ್ಕನ್ನ ಇಂಗ್ಲೆಂಡಿನ ಜವಳಿ ಯಂತ್ರದ ಕಂಪನಿ ಪ್ಲಾಟ್ ಬ್ರದರ್ಸ್ ಕೊಂಡರು. ಮಗ ಕಿಚಿರೋ 1933ರಲ್ಲಿ ಮಗ್ಗದ ಕಂಪನಿಯೊಳಗೇ ಮೋಟಾರು ವಿಭಾಗ ತೆರೆದ, 1937ರಲ್ಲಿ ಅದು ಟೊಯೋಟಾ ಅನ್ನೋ ಬೇರೆ ಕಂಪನಿಯಾಯಿತು. ನೀನು ಬರ್ತಿರೋ ಊರಿನ ಹೆಸರು ಆಗ ಕೊರೊಮೊ. ಟೊಯೋಟಾ ಅಂತಾಗಿದ್ದು 1959ರಲ್ಲಿ.

ನನ್ನಪ್ಪ ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸ್ತಿದ್ದವರು. ಎಳೆ ಕಡಿದದ್ದನ್ನ ಕಣ್ಣಲ್ಲೇ ಹಿಡಿಯಬೇಕಿತ್ತು. ತಪ್ಪಿದರೆ ಸೀರೆ ಉದ್ದಕ್ಕೂ ಗೆರೆ, ಕೂಲಿಯಲ್ಲಿ ಮುರಿತ. ನಗೋಯಾದಲ್ಲಿ ಟೊಯೋಡಾರ ಹಳೇ ಗಿರಣಿ ಜಾಗದಲ್ಲೇ ವಸ್ತುಸಂಗ್ರಹಾಲಯವಿದೆ. ಅಲ್ಲಿ ಆ ಮಗ್ಗಗಳನ್ನ ಓಡಿಸಿ ತೋರಿಸ್ತಾರೆ. ಅಪ್ಪ ಅದರ ಮುಂದೆ ನಿಂತು ಎಳೆ ಕಡಿದು ಮಗ್ಗ ನಿಲ್ಲೋದನ್ನ ನೋಡಬೇಕಿತ್ತು. ವೀಸಾ ಕಾಗದಪತ್ರ ಕೈಸೇರೋ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು. ಯಾರಾದರೂ ಊರಿಂದ ಬಂದಾಗ ಅಲ್ಲಿಗೆ ಕರೆದೊಯ್ತೀನಿ, ಆದರೆ ಆ ಕೊರಗು ಹೋಗಿಲ್ಲ.

ಇನ್ನೊಂದು ಮಾತು. ಈ ಕಂಪನಿ ಹೊರದೇಶದಲ್ಲಿ ಮೊದಲ ದಿನವೇ ಗೆದ್ದಿದ್ದಲ್ಲ. 1957ರಲ್ಲಿ ಅಮೆರಿಕಕ್ಕೆ ಕ್ರೌನ್ ಕಾರು ಕಳಿಸಿದಾಗ ಅಲ್ಲಿನ ಹೆದ್ದಾರಿಯ ವೇಗ ಅದಕ್ಕೆ ತಡೆದುಕೊಳ್ಳೋಕಾಗಲಿಲ್ಲ, ಎಂಜಿನ್ ಕಾದುಹೋಗ್ತಿತ್ತು. ಕಾರು ಕಳಿಸೋದನ್ನ ನಿಲ್ಲಿಸಿ, 1965ರಲ್ಲಿ ಆ ರಸ್ತೆಗೆ ತಕ್ಕ ಕೊರೋನಾ ಅನ್ನೋ ಕಾರು ಒಯ್ದರು. ನಮ್ಮಲ್ಲೂ 1995ರಲ್ಲಿ ಕಿರ್ಲೋಸ್ಕರ್ ಜೊತೆ ಮೊದಲು ಬಂದಿದ್ದು ಜವಳಿ ಯಂತ್ರ. ಬಿಡದಿಯ ಕ್ವಾಲಿಸ್ ಕಾರು ಆಮೇಲಿನದು. ಮೊದಲ ತಿಂಗಳು ಎಡವಿದರೆ ಎದೆಗುಂದಬೇಡ, ಹಗ್ಗ ಮಾತ್ರ ಎಳಿ.

ಹೊರಡೋ ಮುಂಚೆ ನಿನ್ನ ಅಪ್ಪ ಅಮ್ಮನ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಬಿಡು. ಮುಂದಿನ ವರ್ಷ ನೋಡೋಣ ಅನ್ನಬೇಡ. ಇಲ್ಲಿ ಆಗಸ್ಟ್ ಸೆಕೆ ವಿಪರೀತ, ಏಪ್ರಿಲ್‌ನಲ್ಲೇ ಕರೆಸು.